ಗಣಕಯಂತ್ರವನ್ನು ವಾದ್ಯವಾಗಿಸಿದವರು

ವೀಣೆಯನ್ನು ನುಡಿಸುವವರು ತಂತಿಯನ್ನು ಮೆಟ್ಟಿಲಿನ ಮೇಲೆ ಒತ್ತಿ ಪಕ್ಕಕ್ಕೆ ಎಳೆದರೆ ಸ್ವರವು ಏರುತ್ತದೆ. ಎಷ್ಟೆಳೆದರೆ ಎಷ್ಟೇರಬೇಕೆಂಬುದನ್ನು ವೀಣೆಯನ್ನು ಮಾಡಿದ ಬಡಗಿಯಾಗಲಿ ಅದನ್ನು ನುಡಿಸುವ ವೈಣಿಕನಾಗಲಿ ಗೊತ್ತುಮಾಡಿದವರಲ್ಲ. ತಂತಿಯ ಬಿಗಿಯೂ ಉದ್ದವೂ ಅದನ್ನು ಗೊತ್ತುಮಾಡಿವೆ. ಕೊಳಲಿನಲ್ಲಿ ಉಸಿರಿಗೂ ಮೃದಂಗದಲ್ಲಿ ಅಂಗೈಗೂ ನಾದದೊಡನೆ ಇರುವ ನಂಟು ಇಂಥದೇ. ಅದು ಪ್ರಕೃತಿಯು ಕಟ್ಟಿಕೊಟ್ಟ ನಂಟು. ವಾದ್ಯವನ್ನು ಮಾಡುವವನು ಅದನ್ನು ಹದಗೊಳಿಸಬಲ್ಲನೇ ಹೊರತು ಹೊಸದಾಗಿ ಹುಟ್ಟಿಸಲಾರನು.

ವಿದ್ಯುಚ್ಛಕ್ತಿಯಿಂದ ನಾದವನ್ನು ಹುಟ್ಟಿಸುವುದು ಸಾಧ್ಯವಾದಂದಿನಿಂದ ಈ ನಂಟು ಸಡಿಲವಾಗುತ್ತ ಬಂದು, ಗಣಕಯಂತ್ರವು ಬಂದಾಗ ಪೂರ್ತಿಯಾಗಿ ಕಡಿದುಹೋಯಿತು. ಗಣಕಯಂತ್ರದೊಳಗೆ ಹುಟ್ಟುವ ನಾದಕ್ಕೆ ತಂತಿಯೂ ಇಲ್ಲ, ತೊಗಲೂ ಇಲ್ಲ. ಇರುವುದು ಸಂಖ್ಯೆಗಳ ಸಾಲು ಮಾತ್ರ. ಆ ಸಾಲನ್ನು ಕೈಯಿಂದ ಮುಟ್ಟುವುದು ಹೇಗೆ? ಕೈಯ ಚಲನೆಯು ಯಾವ ಸಂಖ್ಯೆಯಾಗಬೇಕು, ಆ ಸಂಖ್ಯೆಯು ನಾದದ ಯಾವ ಗುಣವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಬೇಕು ಎಂಬುದನ್ನು ಯಾರಾದರೊಬ್ಬರು ಕುಳಿತು ಬರೆಯಲೇಬೇಕು. ಹೀಗೆ ಬರೆಯುವ ವಿದ್ಯೆಯನ್ನು ಸಂಗೀತಗಾರರೇ ಕಲಿತುಕೊಂಡು ಹೊಸ ವಾದ್ಯಗಳನ್ನು ಕಲ್ಪಿಸಿದ ಕಥೆಯು ಸುಮಾರು ಎಪ್ಪತ್ತು ವರ್ಷಗಳದು. ಈ ವಿದ್ಯೆಗೆ ಈಗ ‘ಕ್ರಿಯೇಟಿವ್ ಕೋಡಿಂಗ್’ ಎಂದು ಹೆಸರಾಗಿದೆ. ಹೆಸರು ಹೊಸದು, ಅದರ ಹಿಂದಣ ಕಷ್ಟವು ಹಳೆಯದು.

ಗಣಕಯಂತ್ರಕ್ಕೆ ಮುಂಚಿನ ಒಂದು ವಾದ್ಯವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1920ರ ಸುಮಾರಿಗೆ ರಷ್ಯಾದ ಪೆಟ್ರೋಗ್ರಾಡಿನಲ್ಲಿ ಲೆವ್ ಟರ್ಮೆನ್ ಎಂಬ ಭೌತವಿಜ್ಞಾನಿಯು ಒಂದು ಪೆಟ್ಟಿಗೆಯನ್ನು ಮಾಡಿದನು. ಅದರ ಒಂದು ಕಡ್ಡಿಗೆ ಬಲಗೈಯನ್ನು ಹತ್ತಿರ ತಂದರೆ ಸ್ವರವು ಏರುವುದು. ಇನ್ನೊಂದು ಬಳೆಗೆ ಎಡಗೈಯನ್ನು ಹತ್ತಿರ ತಂದರೆ ನಾದವು ತಗ್ಗುವುದು. ಕೈಯು ಯಾವುದನ್ನೂ ಮುಟ್ಟುವುದಿಲ್ಲ. ಪಶ್ಚಿಮದಲ್ಲಿ ಟರ್ಮೆನನ ಹೆಸರು ಥೆರೆಮಿನ್ ಎಂದಾಗಿ, ವಾದ್ಯಕ್ಕೂ ಅದೇ ಹೆಸರಾಯಿತು. 1922ರಲ್ಲಿ ಆತನು ಅದನ್ನು ಲೆನಿನ್ನನ ಮುಂದೆ ನುಡಿಸಿ ತೋರಿಸಿದನು. ಆದರೆ ಅದು ಬರಿಯ ಕೌತುಕದ ವಸ್ತುವಾಗಿ ಮುಗಿದುಹೋಗದೆ ವಾದ್ಯವೆನಿಸಿದ್ದು ಕ್ಲಾರಾ ರಾಕ್ಮೋರ್ ಎಂಬ ಹೆಂಗಸಿನಿಂದ. ಆಕೆಯು ಪಿಟೀಲು ವಿದ್ವಾಂಸಳು. ಕೈಯ ತೊಂದರೆಯಿಂದ ಪಿಟೀಲನ್ನು ಬಿಡಬೇಕಾಗಿ ಬಂದು ಇದನ್ನು ಹಿಡಿದಳು. ಗಾಳಿಯಲ್ಲಿಯೇ ಬೆರಳುಗಳನ್ನು ಮಡಿಸಿ ಬಿಡಿಸಿ ಸ್ವರಸ್ಥಾನಗಳನ್ನು ಹಿಡಿಯುವ ಒಂದು ಕ್ರಮವನ್ನೇ ಆಕೆಯು ಕಂಡುಕೊಂಡಳು. ಸ್ಥಾಯಿಯ ವಿಸ್ತಾರವು ಸಾಲದು, ಎಡಗೈಗೆ ನಾದವು ಇನ್ನೂ ಚುರುಕಾಗಿ ಓಗೊಡಬೇಕು ಎಂದು ಹೇಳಿ ಹೇಳಿ ಮಾಡಿಸಿಕೊಂಡಳು. ವಾದ್ಯವನ್ನು ಮಾಡಿದವನು ಟರ್ಮೆನ್; ಅದಕ್ಕೆ ಏನು ಬೇಕೆಂದು ತಿಳಿದಿದ್ದವಳು ನುಡಿಸಿದವಳು. ಮುಂದಿನ ಕಥೆಯಲ್ಲೆಲ್ಲ ಈ ಮಾತು ಮತ್ತೆ ಮತ್ತೆ ಬರುವುದು.

ಇನ್ನು ಗಣಕಯಂತ್ರದ ವಿಚಾರ. 1957ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಇಂಜಿನಿಯರು ಗಣಕದಿಂದ ಸಂಗೀತವನ್ನು ಹೊರಡಿಸುವ ಪ್ರೋಗ್ರಾಮೊಂದನ್ನು ಬರೆದನು. ಟೆಲಿಫೋನಿನಲ್ಲಿ ಮಾತನ್ನು ಸಂಖ್ಯೆಗಳನ್ನಾಗಿ ಮಾಡಿ ಕಳುಹುವುದು ಹೇಗೆಂದು ವಿಚಾರಿಸುವುದು ಆತನ ಉದ್ಯೋಗ. ಪಿಟೀಲು ಆತನ ಹವ್ಯಾಸ. ಆ ಪ್ರೋಗ್ರಾಮಿನಿಂದ ಹೊರಟ ಮೊದಲನೆಯ ಕೃತಿಯು ಹದಿನೇಳು ಸೆಕೆಂಡುಗಳಷ್ಟು ಉದ್ದದ್ದು. ಅದನ್ನು ರಚಿಸಿದವನು ಅಲ್ಲಿಯೇ ಕೆಲಸದಲ್ಲಿದ್ದ ನ್ಯೂಮನ್ ಗಟ್‌ಮನ್. ಲೆಕ್ಕವನ್ನು ಮಾಡುವ ಯಂತ್ರವಿದ್ದುದು ನ್ಯೂಯಾರ್ಕ್ ನಗರದಲ್ಲಿ; ಸಂಖ್ಯೆಗಳನ್ನು ಶಬ್ದವನ್ನಾಗಿ ಮಾರ್ಪಡಿಸುವ ಉಪಕರಣವಿದ್ದುದು ನ್ಯೂಜೆರ್ಸಿಯ ಪ್ರಯೋಗಶಾಲೆಯಲ್ಲಿ. ಆದುದರಿಂದ ಇಲ್ಲಿ ಬರೆದು, ಅಲ್ಲಿಗೆ ಹೋಗಿ ಲೆಕ್ಕ ಮಾಡಿಸಿ, ಟೇಪಿನ ಸುರುಳಿಯನ್ನು ಹೊತ್ತು ತಂದು, ಆಮೇಲೆ ಕೇಳಬೇಕು. ಒಂದು ಸ್ವರವು ತಪ್ಪಿದ್ದರೆ ಮತ್ತೆ ಅಷ್ಟೂ ಪ್ರಯಾಣ. ನುಡಿಸಿದ್ದು ತಕ್ಷಣ ಕೇಳಿಸದಿದ್ದರೆ ಅದನ್ನು ನುಡಿಸುವುದೆನ್ನಲು ಬಾರದು. ಕಾಗದ ಬರೆದು ಉತ್ತರಕ್ಕೆ ಕಾದಂತಾಯಿತು.

ಹಾಗಿದ್ದರೂ ಮ್ಯಾಥ್ಯೂಸನು 1960ರಲ್ಲಿ ತನ್ನ ಪ್ರೋಗ್ರಾಮಿನ ಮೂರನೆಯ ರೂಪದಲ್ಲಿ ಒಂದು ಉಪಾಯವನ್ನು ತಂದನು. ಅದು ಇಂದಿಗೂ ಈ ವಿದ್ಯೆಯ ತಳಹದಿಯಾಗಿದೆ. ಅಲೆಯನ್ನು ಹುಟ್ಟಿಸುವ ಒಂದು ಘಟಕ, ಎರಡು ಅಲೆಗಳನ್ನು ಕೂಡಿಸುವ ಒಂದು ಘಟಕ, ಗುಣಿಸುವ ಒಂದು ಘಟಕ, ಹೀಗೆ ಚಿಕ್ಕ ಚಿಕ್ಕ ತುಂಡುಗಳನ್ನು ಮೊದಲೇ ಬರೆದಿಟ್ಟು, ಸಂಗೀತಗಾರನು ಅವುಗಳನ್ನು ತನಗೆ ಬೇಕಾದಂತೆ ಪೋಣಿಸಿಕೊಳ್ಳಲೆಂದು ಬಿಟ್ಟನು. ನಾದವನ್ನು ಮಾತ್ರವಲ್ಲ, ವಾದ್ಯವನ್ನೇ ಬರೆಯಬಹುದೆಂದು ಇದರಿಂದ ಗೊತ್ತಾಯಿತು.

ಕೈಯು ಮರಳಿ ಬಂದುದು ಹತ್ತು ವರ್ಷಗಳ ತರುವಾಯ. 1970ರ ಹೊತ್ತಿಗೆ ಮ್ಯಾಥ್ಯೂಸನೂ ಎಫ್. ರಿಚರ್ಡ್ ಮೂರ್ ಎಂಬಾತನೂ ಸೇರಿ ‘ಗ್ರೂವ್’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದರ ಯುಕ್ತಿಯು ಸರಳವಾದುದು. ಶಬ್ದವನ್ನು ಲೆಕ್ಕ ಮಾಡುವುದಕ್ಕೆ ಸೆಕೆಂಡಿಗೆ ಸಾವಿರಾರು ಸಂಖ್ಯೆಗಳು ಬೇಕು. ಅಂದಿನ ಯಂತ್ರಕ್ಕೆ ಅಷ್ಟು ವೇಗವಿರಲಿಲ್ಲ. ಮನುಷ್ಯನ ಕೈಯಾದರೋ ನಿಧಾನಿ. ಅದರ ಚಲನೆಯನ್ನು ಹಿಡಿಯಲು ಸೆಕೆಂಡಿಗೆ ನೂರಿನ್ನೂರು ಸಂಖ್ಯೆಗಳು ಸಾಕು. ಆದುದರಿಂದ ಶಬ್ದವನ್ನು ಹುಟ್ಟಿಸುವ ಕೆಲಸವನ್ನು ಬೇರೆ ವಿದ್ಯುದುಪಕರಣಗಳಿಗೆ ಒಪ್ಪಿಸಿ, ಗಣಕವು ಕೈಯ ಚಲನೆಯನ್ನು ಮಾತ್ರ ಓದಿ, ನೆನಪಿನಲ್ಲಿಟ್ಟು, ಬೇಕಾದಂತೆ ತಿದ್ದಿ ಕೊಡುವಂತೆ ಮಾಡಿದರು.

ಈ ಯಂತ್ರದ ಬಳಿಗೆ 1973ರಲ್ಲಿ ಲಾರಿ ಸ್ಪೀಗಲ್ ಎಂಬ ತರುಣಿಯು ಬಂದಳು. ಆಕೆಯು ಗಿಟಾರು, ಲ್ಯೂಟ್ ಮೊದಲಾದ ತಂತಿವಾದ್ಯಗಳನ್ನು ನುಡಿಸುತ್ತಿದ್ದವಳು, ಸಂಗೀತವನ್ನು ರಚಿಸುತ್ತಿದ್ದವಳು. ಫೋರ್ಟ್ರಾನ್ ಎಂಬ ಗಣಕಭಾಷೆಯನ್ನು ಕಲಿತು, ತನ್ನ ಕೃತಿಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುವಳು. ಗುಂಡಿಗಳನ್ನು ತಿರುಗಿಸಿ, ಕೀಲಿಮಣೆಯನ್ನೊತ್ತಿ ನುಡಿಸುವಳು. ಕೇಳಿ, ಮತ್ತೆ ಪ್ರೋಗ್ರಾಮನ್ನು ತಿದ್ದುವಳು. ಯಾವ ನಿರ್ಧಾರವನ್ನು ಕೈಗೆ ಬಿಡಬೇಕು, ಯಾವುದನ್ನು ಬರೆದಿಟ್ಟ ನಿಯಮಕ್ಕೆ ಒಪ್ಪಿಸಬೇಕು ಎಂಬುದೇ ಆಕೆಯ ರಚನೆಯ ಮುಖ್ಯ ವಿಚಾರವಾಯಿತು. ನಮ್ಮ ಅಭಿಪ್ರಾಯದಲ್ಲಿ ಈ ವಿದ್ಯೆಯ ಇತಿಹಾಸದಲ್ಲಿ ಮ್ಯಾಥ್ಯೂಸನಿಗೆ ಎಷ್ಟು ಸ್ಥಾನವೋ ಸ್ಪೀಗಲಳಿಗೂ ಅಷ್ಟೇ ಸ್ಥಾನವು ಸಲ್ಲಬೇಕು. ಅಲ್ಲಿ ರಚಿಸಿದ ಕೃತಿಗಳಲ್ಲಿ ಕೆಲವು 1980ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಹೊರಬಂದುವು. ಆದರೆ ವಾದ್ಯವು ಉಳಿಯಲಿಲ್ಲ. ಆ ದಶಕವು ಮುಗಿಯುವ ಹೊತ್ತಿಗೆ ಹಳೆಯದಾದ ಗಣಕವನ್ನು ಕೆಲಸದಿಂದ ತೆಗೆದರು. ಅದರೊಡನೆ, ಅದರ ಮೇಲೆ ಮಾತ್ರ ನಡೆಯಬಲ್ಲ ಪ್ರೋಗ್ರಾಮುಗಳೂ ಮೌನವಾದುವು. ಒಂದು ಕೋಣೆಯಷ್ಟು ದೊಡ್ಡದಾದ ವೀಣೆ, ಒಡೆದರೆ ಇನ್ನೊಂದಿಲ್ಲ. ಸ್ಪೀಗಲಳು 1986ರಲ್ಲಿ ‘ಮ್ಯೂಸಿಕ್ ಮೌಸ್’ ಎಂಬ ಪ್ರೋಗ್ರಾಮನ್ನು ಬರೆದು, ಮನೆಗಳಲ್ಲಿ ಇಡಬಹುದಾದ ಚಿಕ್ಕ ಗಣಕಗಳ ಮೌಸನ್ನೇ ವಾದ್ಯವನ್ನಾಗಿ ಮಾಡಿದಳು.

ಮ್ಯಾಥ್ಯೂಸನು 1980ರ ದಶಕದಲ್ಲಿ ಮಾಡಿದ ರೇಡಿಯೋ ಬ್ಯಾಟನ್ ಇನ್ನೊಂದು ಬಗೆಯದು. ಎರಡು ಕೋಲುಗಳು ಒಂದು ಹಲಗೆಯ ಮೇಲೆ ಎಲ್ಲಿವೆ, ಎಷ್ಟೆತ್ತರದಲ್ಲಿವೆ ಎಂಬುದನ್ನು ಯಂತ್ರವು ತಿಳಿಯುವುದು. ಕೃತಿಯ ಸ್ವರಗಳೆಲ್ಲ ಮೊದಲೇ ನೆನಪಿನಲ್ಲಿರುವುವು. ನುಡಿಸುವವನು ಕೋಲನ್ನು ತಟ್ಟಿ ಲಯವನ್ನೂ ಏರಿಳಿತವನ್ನೂ ಕೊಟ್ಟರೆ ಸಾಕು. ಸ್ವರಗಳನ್ನು ಆರಿಸಿದವನು ರಚನಕಾರನು, ಅವನ್ನು ಮತ್ತೆ ಹುಡುಕುವ ಶ್ರಮವನ್ನು ನುಡಿಸುವವನಿಗೇಕೆ ಕೊಡಬೇಕು ಎಂಬುದು ಅದರ ತರ್ಕ. ಐರೋಪ್ಯ ಸಂಗೀತಕ್ಕೆ ಇದು ಒಪ್ಪುವುದೇನೋ. ರಾಗವನ್ನು ಆಲಾಪಿಸುತ್ತ ಮುಂದಿನ ಸ್ವರವು ಯಾವುದೆಂದು ಆ ಗಳಿಗೆಯಲ್ಲಿಯೇ ನಿರ್ಧರಿಸುವ ನಮ್ಮ ಮನೋಧರ್ಮಕ್ಕೆ ಒಪ್ಪದು. ವಾದ್ಯವನ್ನು ಬರೆಯುವವನ ಸಂಗೀತವು ಯಾವುದೆಂಬುದು ವಾದ್ಯದೊಳಗೇ ಬರೆದುಹೋಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದಲ್ಲಿಯೂ ಇದೇ ನಡೆಯಿತು. ಬೇರೆ ಬೇರೆ ಕಂಪೆನಿಗಳ ವಿದ್ಯುದ್ವಾದ್ಯಗಳು ಒಂದರೊಡನೊಂದು ಮಾತಾಡಲು ಅದರಿಂದ ಸಾಧ್ಯವಾಯಿತು. ಇದು ದೊಡ್ಡ ಉಪಕಾರ. ಆದರೆ ಆ ಮಾತು ಕೀಲಿಮಣೆಯ ಮಾತು. ಸ್ವರಗಳಿಗೆ 0ಯಿಂದ 127ರವರೆಗೆ ಅಂಕೆಗಳು. ಒಂದಂಕೆಗೂ ಮುಂದಿನದಕ್ಕೂ ಅರ್ಧ ಸ್ವರದ ಅಂತರ. ಆ ಎರಡರ ನಡುವೆ ಹೋಗಬೇಕಾದರೆ ಪ್ರತ್ಯೇಕವಾಗಿ ಸ್ವರವನ್ನು ಬಾಗಿಸುವ ಆಜ್ಞೆಯನ್ನು ಕಳುಹಬೇಕು. ತೋಡಿಯ ಗಾಂಧಾರವು ವಾಸಮಾಡುವುದೇ ಆ ನಡುವಣ ಜಾಗದಲ್ಲಿ.

ಮಿಡಿಯನ್ನೇ ಹಿಡಿದುಕೊಂಡು ಕೀಲಿಮಣೆಯನ್ನು ಬಿಟ್ಟವನು ಆಮ್‌ಸ್ಟರ್‌ಡಾಮಿನ ಮಿಶೆಲ್ ವೈಸ್‌ವಿಸ್. ಅಲ್ಲಿ 1969ರಲ್ಲಿ ಸ್ಥಾಪಿತವಾದ ಸ್ಟೈಮ್ ಎಂಬ ಸಂಸ್ಥೆಯನ್ನು ಆತನು 1981ರಿಂದ ನಡೆಸುತ್ತಿದ್ದನು. 1984ರಲ್ಲಿ ಆತನು ‘ಕೈಗಳು’ ಎಂಬರ್ಥದ ಹೆಸರಿನ ವಾದ್ಯವೊಂದನ್ನು ಸಭೆಯ ಮುಂದೆ ನುಡಿಸಿದನು. ಎರಡು ಕೈಗಳಿಗೂ ತೊಡುವ ಎರಡು ಚೌಕಟ್ಟುಗಳು. ಅವುಗಳ ಮೇಲೆ ಬೆರಳುಗಳಿಗೆ ಗುಂಡಿಗಳು. ಕೈಯು ವಾಲಿದುದನ್ನು ತಿಳಿಸುವ ಪಾದರಸದ ಸ್ವಿಚ್ಚುಗಳು. ಎರಡು ಕೈಗಳ ನಡುವಣ ದೂರವನ್ನು ಕಿವಿಗೆ ಕೇಳಿಸದ ಶಬ್ದದಿಂದ ಅಳೆಯುವ ಒಂದು ಉಪಕರಣ. ಇದನ್ನು ತೊಟ್ಟು ಆತನು ರಂಗದ ಮೇಲೆ ನಿಂತರೆ ನಾದವನ್ನು ಕೈಯಲ್ಲಿ ಹಿಸುಕುವಂತೆ, ಎಳೆಯುವಂತೆ ಕಾಣುತ್ತಿತ್ತು. ಇಷ್ಟು ಮಾಡಿದವರು ಬೇರೆಯವರೂ ಇರಬಹುದು. ವೈಸ್‌ವಿಸನ ವಿಶೇಷವೇನೆಂದರೆ, ಒಂದು ಹಂತದಲ್ಲಿ ಆತನು ವಾದ್ಯವನ್ನು ಸುಧಾರಿಸುವುದನ್ನು ನಿಲ್ಲಿಸಿಬಿಟ್ಟನು. ಮಾಡಬಹುದಾದ ಸುಧಾರಣೆಗಳು ಮುಗಿದುವೆಂದಲ್ಲ. ದಿನಕ್ಕೊಂದು ಬದಲಾವಣೆಯಾಗುವ ವಾದ್ಯವನ್ನು ಅಭ್ಯಾಸ ಮಾಡುವುದು ಸಾಧ್ಯವಿಲ್ಲವೆಂದು ಆತನಿಗೆ ಗೊತ್ತಾಗಿತ್ತು. ಆಮೇಲೆ ಆತನು ಮಾಡಿದ್ದು ಸಾಧನೆ.

ಇದೇ ಕಾಲದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಎಂಬ ಅಮೆರಿಕದ ಗಣಿತಜ್ಞನು ಸಂಗೀತಗಾರರಿಗೆ ಗಣಕಲಿಪಿಯನ್ನು ಸುಲಭಮಾಡುವ ಒಂದು ದಾರಿಯನ್ನು ತೆರೆದನು. ಅಕ್ಷರಗಳಲ್ಲಿ ಬರೆಯುವುದಕ್ಕೆ ಬದಲಾಗಿ ತೆರೆಯ ಮೇಲೆ ಚಿಕ್ಕ ಚೌಕಗಳನ್ನಿಟ್ಟು ಗೆರೆಗಳಿಂದ ಜೋಡಿಸುವುದು ಅದರ ಕ್ರಮ. ಮ್ಯಾಥ್ಯೂಸನ ಘಟಕಗಳೇ ಕಣ್ಣಿಗೆ ಕಾಣುವಂತಾದುವು; ಆ ಗೌರವದಿಂದಲೇ ಪ್ರೋಗ್ರಾಮಿಗೆ ‘ಮ್ಯಾಕ್ಸ್’ ಎಂದು ಹೆಸರಾಯಿತು. ಫಿಲಿಪ್ ಮನೂರಿಯು ಪಿಯಾನೋವಿಗಾಗಿ ರಚಿಸಿದ ‘ಪ್ಲುಟಾನ್’ ಎಂಬ ಕೃತಿಯಲ್ಲಿ 1988ರಲ್ಲಿ ಇದರ ಉಪಯೋಗವಾಯಿತು. ಮ್ಯಾಕ್ಸ್ ಬೆಲೆ ಕೊಟ್ಟು ಕೊಳ್ಳುವ ಸರಕಾಗಲು, ಪಕೆಟ್ಟನು 1996ರಲ್ಲಿ ‘ಪ್ಯೂರ್ ಡೇಟಾ’ ಎಂಬುದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟನು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೆಟಿಷಿಯಾ ಸೊನಾಮಿಯು 1991ರಲ್ಲಿ ಪಾತ್ರೆ ತೊಳೆಯುವ ರಬ್ಬರಿನ ಕೈಚೀಲಕ್ಕೆ ಅಯಸ್ಕಾಂತವನ್ನು ತಿಳಿಯುವ ಸೆನ್ಸರುಗಳನ್ನು ಅಂಟಿಸಿ ವಾದ್ಯವೊಂದನ್ನು ಮಾಡಿದಳು. ಮುಂದೆ ಹಲವು ರೂಪಗಳನ್ನು ತಾಳಿದ ಆ ಕೈಚೀಲವನ್ನು ಆಕೆಯು ಅನೇಕ ವರ್ಷಗಳು ನುಡಿಸಿದಳು. ಅಡುಗೆಮನೆಯ ವಸ್ತುವೊಂದಕ್ಕೆ ಇಂಥ ಪದವಿಯು ದೊರೆತುದನ್ನು ನಮ್ಮ ಮನೆಗಳ ಹೆಂಗಸರು ಮೆಚ್ಚುವರೆಂದು ನಂಬುತ್ತೇವೆ.

ಇಲ್ಲಿಯವರೆಗೆ ಈ ವಿದ್ಯೆಯು ದೊಡ್ಡ ಸಂಸ್ಥೆಗಳ ಆಶ್ರಯದಲ್ಲಿದ್ದಿತು. ಅದನ್ನು ಮನೆಮನೆಗೆ ತಂದವು ಎರಡು ಸಂಗತಿಗಳು. 2001ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಎಂಬ ಇಬ್ಬರು ‘ಪ್ರೋಸೆಸಿಂಗ್’ ಎಂಬ ಭಾಷೆಯನ್ನು ಚಿತ್ರಕಾರರಿಗಾಗಿ ಆರಂಭಿಸಿದರು. ಒಂದೇ ಸಾಲು ಬರೆದರೆ ತೆರೆಯ ಮೇಲೆ ಒಂದು ವೃತ್ತವು ಮೂಡುವುದು; ಕಲಿಯುವವನಿಗೆ ಮೊದಲನೆಯ ದಿನವೇ ಫಲವು ಕಾಣುವುದು. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸಶಾಲೆಯಲ್ಲಿ ಎರ್ನಾಂಡೋ ಬರ್ರಗಾನ್ ಎಂಬ ವಿದ್ಯಾರ್ಥಿಯು ಅದೇ ಸರಳತೆಯನ್ನು ವಿದ್ಯುದುಪಕರಣಗಳಿಗೂ ತಂದನು. ಆ ಜಾಡಿನಲ್ಲಿ 2005ರಲ್ಲಿ ‘ಆರ್ಡುಯಿನೋ’ ಎಂಬ ಅಗ್ಗದ ಹಲಗೆಯು ಹೊರಟಿತು. ಒತ್ತಡ, ಬೆಳಕು, ದೂರ, ಬಾಗು ಯಾವುದನ್ನು ಬೇಕಾದರೂ ಅಳೆಯುವ ಸೆನ್ಸರನ್ನು ಅದಕ್ಕೆ ಜೋಡಿಸಿದರೆ 0ಯಿಂದ 1023ರವರೆಗಿನ ಒಂದು ಸಂಖ್ಯೆಯು ಬರುವುದು. 2001ರಲ್ಲಿಯೇ ಸಿಯಾಟಲಿನಲ್ಲಿ ಹೊಸ ವಾದ್ಯಗಳನ್ನು ಕಲ್ಪಿಸುವವರ ಒಂದು ಸಣ್ಣ ಗೋಷ್ಠಿಯು ಸೇರಿ, ಮರುವರ್ಷ ಡಬ್ಲಿನ್ನಿನಲ್ಲಿ ಸ್ವತಂತ್ರ ಸಮ್ಮೇಳನವಾಯಿತು. ‘ನೈಮ್’ ಎಂಬ ಹೆಸರಿನಿಂದ ಅದು ಅಂದಿನಿಂದ ನಡೆದುಬಂದಿದೆ.

ಆ ಸಂಖ್ಯೆಯನ್ನು ಏನು ಮಾಡಬೇಕು? ಕಲಿಯುವವರೆಲ್ಲ ಎಡವುವುದು ಇಲ್ಲಿಯೇ. ಕೈಯು ಒಂದಂಗುಲ ಸರಿದರೆ ನಾದದ ಕಂಪನವನ್ನು ಸೆಕೆಂಡಿಗೆ 100ರಷ್ಟು ಹೆಚ್ಚಿಸು ಎಂದು ಮೊದಲ ದಿನ ಎಲ್ಲರೂ ಬರೆಯುವರು. ಆಗ 100ರಿಂದ 200ಕ್ಕೆ ಹೋಗುವಾಗ ಒಂದು ಸ್ಥಾಯಿಯೇ ದಾಟಿಹೋಗುವುದು. 1600ರಿಂದ 1700ಕ್ಕೆ ಹೋಗುವಾಗ ಅರ್ಧ ಸ್ವರಕ್ಕಿಂತ ತುಸು ಮಾತ್ರ ಹೆಚ್ಚು ಏರುವುದು. ಕೆಳಗೆ ಕೈಯಿಟ್ಟರೆ ಜಾರುವುದು, ಮೇಲೆ ಕೈಯಿಟ್ಟರೆ ಅಲುಗದು. ಕಿವಿಯು ಕೂಡುವ ಲೆಕ್ಕವನ್ನು ಅರಿಯದು, ಗುಣಿಸುವ ಲೆಕ್ಕವನ್ನು ಅರಿಯುವುದು ಎಂಬುದು ಆಗ ತಿಳಿಯುವುದು. ವೀಣೆಯ ಮೆಟ್ಟಿಲುಗಳನ್ನು ನೋಡಿರಿ: ಮೇರುವಿನ ಬಳಿ ಅಗಲವಾಗಿರುವ ಅಂತರವು ಕುದುರೆಯ ಕಡೆಗೆ ಬರಬರುತ್ತ ಕಿರಿದಾಗುವುದು. ಮೇಣದಲ್ಲಿ ಆ 24 ಮೆಟ್ಟಿಲುಗಳನ್ನು ಕೂರಿಸುವವನು ಕಿವಿಯಿಂದ ಮಾಡುವ ಲೆಕ್ಕವನ್ನೇ ಇವನು ಲಿಪಿಯಲ್ಲಿ ಮಾಡಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಆಂಡಿ ಹಂಟ್ ಮತ್ತು ಆತನ ಸಂಗಡಿಗರು ಒಂದು ಪರೀಕ್ಷೆಯನ್ನು ನಡೆಸಿ 2002ರಲ್ಲಿ ಪ್ರಕಟಿಸಿದರು. ಜಾರುಗುಂಡಿಗಳಿರುವ ಒಂದು ವಾದ್ಯದಲ್ಲಿ ಒಂದು ಗುಂಡಿಗೆ ಸ್ವರ, ಒಂದಕ್ಕೆ ನಾದದ ದಪ್ಪ ಎಂದು ನೇರವಾಗಿ ಜೋಡಿಸಿದರು. ಮತ್ತೊಂದು ಜೋಡಣೆಯಲ್ಲಿ ಪಿಟೀಲಿನ ಕಮಾನಿನಂತೆ ಗುಂಡಿಯನ್ನು ಆಡಿಸುತ್ತಿದ್ದರೆ ಮಾತ್ರ ನಾದವು ಹೊರಡುವಂತೆ ಮಾಡಿದರು. ನೇರವಾದುದನ್ನು ಜನರು ಬೇಗ ಅರ್ಥಮಾಡಿಕೊಂಡು ಬೇಗ ಬೇಸತ್ತರು. ಕಷ್ಟವಾದುದನ್ನು ಬಿಡದೆ ಹಿಡಿದುಕೊಂಡು ಕುಳಿತರು. ಸುಲಭವಾಗಿರಬೇಕೆಂಬ ಹಟವು ಯಂತ್ರಗಳಿಗೆ ಸರಿ. ವಾದ್ಯಕ್ಕೆ ಅದು ಕುಂದೆಂದು ತೋರುತ್ತದೆ.

ನಮ್ಮ ದೇಶದ ವಾದ್ಯಗಳೂ ಈ ಕಥೆಯಿಂದ ಹೊರಗುಳಿದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಷ್ಟು ಹಿಂದೆಯೇ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ವಿದ್ಯುದ್ವಾದ್ಯವನ್ನು ಸ್ಥಾಪಿಸಿ ಕಲಿಸಿದನು. ಕೆಲವೇ ವರ್ಷಗಳಲ್ಲಿ ಆ ಕೋಣೆಯು ನಿಶ್ಶಬ್ದವಾಯಿತು. ಬೆಂಗಳೂರಿನಲ್ಲಿ 1970ರ ದಶಕದ ಕೊನೆಯಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಮಾಡಿದರು. ಮುಂದೆ ಅವರ ವಿದ್ಯುತ್ತಂಬೂರಿಯೂ ಬಂದು, ಈಗ ಸಂಗೀತದ ಪಾಠವಿರುವ ಮನೆಯಲ್ಲಿ ಅಂಥ ಪೆಟ್ಟಿಗೆಯಿಲ್ಲದಿರುವುದೇ ಅಪರೂಪ. ಇದು ಕೈಯನ್ನು ಬೇಕೆಂದೇ ಬಿಡಿಸಿದ ವಾದ್ಯ. ಅದರಿಂದಾದ ಅನುಕೂಲವು ದೊಡ್ಡದೇ ಸರಿ. ಗುರುವಿನ ಹಿಂದೆ ತಂಬೂರಿಯನ್ನು ಹಿಡಿದು ಕುಳಿತು ಕಿವಿಯನ್ನು ಹದಮಾಡಿಕೊಳ್ಳುತ್ತಿದ್ದ ಶಿಷ್ಯನ ಸ್ಥಾನವು ಹೋದುದು ಮಾತ್ರ ನಮಗೆ ಒಳ್ಳೆಯದೆನಿಸುವುದಿಲ್ಲ. ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವನು ಪ್ರಿನ್ಸ್‌ಟನ್ನಿನಲ್ಲಿ ಓದಿದ ಅಜಯ್ ಕಪೂರ್. 2002ರಲ್ಲಿ ತಬಲಕ್ಕೂ 2004ರಲ್ಲಿ ಸಿತಾರಿಗೂ ಸೆನ್ಸರುಗಳನ್ನು ಅಳವಡಿಸಿದ ವಾದ್ಯಗಳನ್ನು ಆತನೂ ಆತನ ಸಂಗಡಿಗರೂ ನೈಮ್ ಸಮ್ಮೇಳನದ ಮುಂದಿಟ್ಟರು. ಸಿತಾರನ್ನು ಮೀಟುವ ಕೈಯ ಹೆಬ್ಬೆರಳಿನ ಒತ್ತಡವನ್ನೂ ಎಡಗೈಯು ಯಾವ ಮೆಟ್ಟಿಲಿನ ಮೇಲಿದೆಯೆಂಬುದನ್ನೂ ಗಣಕವು ತಿಳಿಯುವಂತೆ ಮಾಡಿದರು. ಬಹು ವರ್ಷಗಳಿಂದ ಪಳಗಿದ ಕೈಯನ್ನು ಅದು ವ್ಯರ್ಥವಾಗಗೊಡಲಿಲ್ಲ.

ಆತನ ಗುರುಗಳಲ್ಲೊಬ್ಬನಾದ ಪೆರ್ರಿ ಕುಕ್ ಎಂಬಾತನು ಸಿಯಾಟಲಿನ ಮೊದಲ ಗೋಷ್ಠಿಯಲ್ಲಿ ಈ ವಿದ್ಯೆಯ ನಿಯಮಗಳೆಂದು ಕೆಲವನ್ನು ಓದಿದ್ದನು. ಎಷ್ಟು ಬೇಕಾದರೂ ಬದಲಾಯಿಸಬಹುದೆಂಬುದೇ ಗಣಕವಾದ್ಯಕ್ಕೆ ಅಂಟಿದ ಶಾಪವೆಂಬುದು ಅವುಗಳಲ್ಲೊಂದು. ವಾದ್ಯವನ್ನು ಮಾಡಲು ಹೊರಡಬೇಡಿರಿ, ಒಂದು ಕೃತಿಯನ್ನು ಮಾಡಲು ಹೊರಡಿರಿ ಎಂಬ ಅರ್ಥದ ಮಾತು ಇನ್ನೊಂದು. ಸಮ್ಮೇಳನದಲ್ಲಿ ವರ್ಷವರ್ಷವೂ ಹೊಸ ವಾದ್ಯಗಳು ಬರುತ್ತಲೇ ಇವೆ. ಮಾಡಿದವನನ್ನು ಬಿಟ್ಟು ಎರಡನೆಯ ವಾದಕನನ್ನು ಕಂಡವು ಬಹಳ ಕಡಿಮೆ. ವೈಸ್‌ವಿಸನು 2008ರಲ್ಲಿ ತೀರಿಕೊಂಡನು. ಮ್ಯಾಥ್ಯೂಸನು 2011ರಲ್ಲಿ ಹೋದನು. ಸ್ಟೈಮ್ ಸಂಸ್ಥೆಯು 2020ರ ಕೊನೆಗೆ ಮುಚ್ಚಿತು. ರಾಕ್ಮೋರಳ ಥೆರೆಮಿನ್ನನ್ನಾದರೋ ಇಂದಿಗೂ ನುಡಿಸುವವರಿದ್ದಾರೆ.

ನನ್ನ ತಮ್ಮನ ಮಗಳು ಆರು ವರ್ಷ ವೀಣೆಯನ್ನು ಕಲಿತವಳು. ಕಳೆದ ದಸರೆಯ ರಜೆಯಲ್ಲಿ ಒಂದು ಆರ್ಡುಯಿನೋ ಹಲಗೆಯನ್ನು ತರಿಸಿಕೊಂಡು, ದೂರವನ್ನಳೆಯುವ ಸೆನ್ಸರೊಂದನ್ನು ಮರದ ಪಟ್ಟಿಗೆ ಬಿಗಿದು, ಅಂಗೈಯನ್ನು ಹಿಂದುಮುಂದಾಡಿಸಿದರೆ ಗಮಕವು ಬರುವಂತೆ ಮಾಡಿದಳು. ಒಂದು ರಾತ್ರಿ ನುಡಿಸಿದ್ದು ಬಹಳ ಚೆನ್ನಾಗಿತ್ತು. ವಾರ ಕಳೆದ ಮೇಲೆ ಅದನ್ನೇ ಮತ್ತೊಮ್ಮೆ ನುಡಿಸೆಂದೆನು. “ಅದು ಈಗ ಬರುವುದಿಲ್ಲ ದೊಡ್ಡಪ್ಪ, ಆಮೇಲೆ ನಾಲ್ಕು ಸಲ ಕೋಡನ್ನು ಬದಲಾಯಿಸಿದ್ದೇನೆ” ಎಂದಳು. ನಾನು ವೈಸ್‌ವಿಸನ ಕಥೆಯನ್ನು ಹೇಳಿದೆನು. ಆಕೆಯು ಏನೂ ಹೇಳಲಿಲ್ಲ. ಸಂಕ್ರಾಂತಿಗೆ ಹೋದಾಗ ನೋಡಿದರೆ ಆ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಏಳು ಗೆರೆಗಳನ್ನು ಎಳೆದಿದ್ದಳು. ಕೋಡನ್ನು ಮುಟ್ಟಿ ಎರಡು ತಿಂಗಳಾಗಿತ್ತಂತೆ. ಸರಳೆವರಸೆಯ ಎರಡನೆಯ ಕಾಲದಲ್ಲಿದ್ದಳು.